ಮನೆಗೆ ಬರುವ ಕಾರು ಮನೆಯವರನ್ನು ಕಾಪಾಡುವಂತಿರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಇಂದಿನ ದಿನಗಳಲ್ಲಿ ಈ ಸಾಲಿಗೆ ‘ಕಾರು ಕೊಂಡು ನೋಡು’ ಎಂಬ ಮಾತನ್ನೂ ಸೇರಿಸಬಹುದಾಗಿದೆ. ಒಂದು ಕಾಲಕ್ಕೆ ಊರಿನ ಒಬ್ಬಿಬ್ಬರು ಸಿರಿವಂತರ ಮನೆಯ ಮುಂದೆ ಮಾತ್ರ ಕಾಣುತ್ತಿದ್ದ ಕಾರು ಇಂದು ಶಿಕ್ಷಕರ, ಬ್ಯಾಂಕ್ ನೌಕರರ, ವ್ಯಾಪಾರಸ್ಥರ, ರೈತರ ಅಂಗಳದಲ್ಲಿಯೂ ನಿಂತಿದೆ. ಮದುವೆ, ಸೀಮಂತ, ಗೃಹಪ್ರವೇಶಗಳಿಗೆ, ಜಾತ್ರೆಗೆ, ಮಠದ ದರ್ಶನಕ್ಕೆ, ಅವಸರದಲ್ಲಿ ಆಸ್ಪತ್ರೆಗೆ ಮೂರು ತಲೆಮಾರಿನ ಜನ ಒಂದೇ ಕಾರಿನಲ್ಲಿ ಕುಳಿತು ಹೊರಡುವುದು ಸಾಮಾನ್ಯವಾಗಿದೆ.

ಆದರೆ ಕಾರು ಕೊಳ್ಳಲು ಹೋದಾಗ ನಾವು ಕೇಳುವ ಪ್ರಶ್ನೆಗಳು ಯಾವುವು? ಬೆಲೆ ಎಷ್ಟು, ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಯಾವ ಬಣ್ಣಗಳಿವೆ, ಮುಂದೆ ಮಾರಿದರೆ ಎಷ್ಟು ಬಂದೀತು. ‘ಅಪಘಾತವಾದರೆ ಈ ಕಾರು ನಮ್ಮವರನ್ನು ಹೇಗೆ ಕಾಪಾಡುತ್ತದೆ?’ ಎಂದು ಕೇಳುವವರು ವಿರಳ. ಯಾರಾದರೂ ಕೇಳಿದರೆ ‘ಬಿಡ್ತು ಅನ್ನು, ಒಳ್ಳೆಯ ಕೆಲಸಕ್ಕೆ ಬಂದಾಗ ಇದೆಂಥ ಮಾತು’ ಎಂದು ಹಿರಿಯರು ಗದರುವುದೂ ಉಂಟು. ಆದರೆ ಅಪಶಕುನವೆಂದು ಮಾತನ್ನು ತಡೆಯಬಹುದೇ ಹೊರತು ಅಪಘಾತವನ್ನು ತಡೆಯಲಾಗದು. ಕೇಂದ್ರ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಧರಿಸದೆ ಇದ್ದವರು; ಇವರಲ್ಲಿ ಚಾಲಕರು 8,384, ಜೊತೆಗೆ ಕುಳಿತಿದ್ದ ಪ್ರಯಾಣಿಕರು 8,331. ವಾಹನ ಚಾಲಕರಿಗೆ ಇರುವಷ್ಟೇ ಅಪಾಯ ಪಕ್ಕದಲ್ಲಿ ಮತ್ತು ಹಿಂದೆ ಕುಳಿತ ತಾಯಿ, ಮಡದಿ, ಮಕ್ಕಳಿಗೂ ಇದೆಯೆಂಬುದನ್ನು ಈ ಎರಡು ಅಂಕಿಗಳೇ ಸಾರುತ್ತವೆ.

ಆದುದರಿಂದ ಇಂದಿನ ಕಾರುಗಳಲ್ಲಿರುವ ರಕ್ಷಣಾ ಸಾಧನಗಳು ಯಾವುವು, ಅವು ಹೇಗೆ ಕೆಲಸ ಮಾಡುತ್ತವೆ, ಕೊಳ್ಳುವಾಗ ಏನನ್ನು ವಿಚಾರಿಸಬೇಕು ಎಂಬುದನ್ನು ಓದುಗ ಬಂಧುಗಳ ಮುಂದಿಡಲು ಇಲ್ಲಿ ಪ್ರಯತ್ನಿಸಿದ್ದೇವೆ.

ಡಿಕ್ಕಿಯ ಕ್ಷಣದಲ್ಲಿ ಆಗುವುದೇನು?

ಗಂಟೆಗೆ 50 ಕಿ.ಮೀ. ವೇಗವೆಂದರೆ ನಮಗೆ ನಿಧಾನವೆಂದೇ ತೋರುತ್ತದೆ. ಆದರೆ ಆ ವೇಗದಲ್ಲಿ ಗೋಡೆಗೆ ಬಡಿಯುವುದೂ ಸುಮಾರು ಹತ್ತು ಮೀಟರ್, ಅಂದರೆ ಮೂರು ಅಂತಸ್ತಿನ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಾರು ಥಟ್ಟನೆ ನಿಂತರೂ ಒಳಗಿರುವ ನಮ್ಮ ದೇಹ ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಮೊದಲು ಕಾರು ಗೋಡೆಗೆ ಬಡಿಯುತ್ತದೆ. ಬಳಿಕ ದೇಹ ಕಾರಿನ ಒಳಭಾಗಕ್ಕೆ ಬಡಿಯುತ್ತದೆ. ಕೊನೆಗೆ ದೇಹದೊಳಗಿನ ಮಿದುಳು, ಹೃದಯ, ಯಕೃತ್ತುಗಳು ಎಲುಬಿಗೆ ಬಡಿಯುತ್ತವೆ. ಹೀಗೆ ಒಂದೇ ಅಪಘಾತದಲ್ಲಿ ಮೂರು ಡಿಕ್ಕಿಗಳು ಅಡಗಿವೆ. ಹೊರಗೆ ಗಾಯವೇ ಕಾಣದಿದ್ದರೂ ಕೆಲವರು ಒಳಗಿನ ರಕ್ತಸ್ರಾವದಿಂದ ಸಾಯುವುದು ಈ ಕಾರಣದಿಂದಲೇ.

ಕಾರಿನ ಎಲ್ಲ ರಕ್ಷಣಾ ಸಾಧನಗಳ ಉದ್ದೇಶ ಎರಡೇ: ಡಿಕ್ಕಿಯೇ ಆಗದಂತೆ ನೋಡಿಕೊಳ್ಳುವುದು, ಆದರೆ ಆ ಹೊಡೆತವನ್ನು ತುಸು ಹೆಚ್ಚು ಕಾಲಕ್ಕೆ, ತುಸು ಹೆಚ್ಚು ದೂರಕ್ಕೆ ಹಂಚಿ ದೇಹಕ್ಕೆ ತಗಲುವ ಪೆಟ್ಟನ್ನು ತಗ್ಗಿಸುವುದು.

ಮೊದಲ ರಕ್ಷಕ: ಸೀಟ್ ಬೆಲ್ಟ್

ಇಂದಿಗೂ ಅತ್ಯಂತ ಹೆಚ್ಚು ಪ್ರಾಣಗಳನ್ನು ಉಳಿಸುತ್ತಿರುವ ಸಾಧನ ಹೆಗಲಿನಿಂದ ಸೊಂಟಕ್ಕೆ ಇಳಿಯುವ ಸಾದಾ ಪಟ್ಟಿ. ಇದರ ಇಂದಿನ ರೂಪವನ್ನು ಕೊಟ್ಟವರು ಸ್ವೀಡನ್ನಿನ ವೋಲ್ವೋ ಸಂಸ್ಥೆಯ ಇಂಜಿನಿಯರ್ ನಿಲ್ಸ್ ಬೋಲಿನ್. ಅದಕ್ಕೆ ಮುನ್ನ ಅವರು ವಿಮಾನ ಚಾಲಕರನ್ನು ಆಪತ್ತಿನಲ್ಲಿ ಹೊರಕ್ಕೆ ಚಿಮ್ಮಿಸುವ ಆಸನಗಳನ್ನು ರೂಪಿಸುತ್ತಿದ್ದರು. 1959ರಲ್ಲಿ ಈ ಬೆಲ್ಟ್ ಕಾರುಗಳಿಗೆ ಬಂದಿತು. ಅದರ ಹಕ್ಕನ್ನು ತನ್ನಲ್ಲಿಯೇ ಕಟ್ಟಿಟ್ಟುಕೊಂಡು ಹಣ ಮಾಡಬಹುದಾಗಿದ್ದ ಸಂಸ್ಥೆ ಎಲ್ಲ ತಯಾರಕರೂ ಅದನ್ನು ಬಳಸಲೆಂದು ಮುಕ್ತವಾಗಿ ಬಿಟ್ಟುಕೊಟ್ಟಿತು. ಲೋಕೋಪಕಾರಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಕಾರುಗಳ ಇತಿಹಾಸದಲ್ಲಿ ಮತ್ತೊಂದಿರಲಾರದು.

ಬೆಲ್ಟನ್ನು ಮುಂದೆ ಕುಳಿತವರು ಮಾತ್ರ, ಅದೂ ಪೊಲೀಸರು ಕಾಣುವವರೆಗೆ ಮಾತ್ರ ಧರಿಸಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಹೆಸರಾಂತ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ಮೃತರಾದರು. ಅವರಿದ್ದುದು ದುಬಾರಿ ಬೆಲೆಯ, ಹಲವು ಏರ್‌ಬ್ಯಾಗ್‌ಗಳುಳ್ಳ ಕಾರಿನಲ್ಲಿ. ಮುಂದಿನ ಆಸನಗಳಲ್ಲಿದ್ದ ಇಬ್ಬರು ಉಳಿದರು. ಬೆಲ್ಟ್ ಧರಿಸದೆ ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ. ಹಿಂದೆ ಬೆಲ್ಟ್ ಇಲ್ಲದೆ ಕುಳಿತವರು ತಮ್ಮ ಪ್ರಾಣಕ್ಕೆ ಮಾತ್ರವಲ್ಲ, ಮುಂದಿನವರ ಬೆನ್ನಿಗೆ ಬಂದು ಅಪ್ಪಳಿಸಿ ಅವರ ಪ್ರಾಣಕ್ಕೂ ಸಂಚಕಾರ ತರುತ್ತಾರೆ.

ಬೆಲ್ಟನ್ನು ಧರಿಸುವ ಕ್ರಮವೂ ಮುಖ್ಯ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಯ ಮೇಲ್ತುದಿಯಲ್ಲಿರುವ ಸೊಂಟದ ಎಲುಬಿನ ಮೇಲೆ ಕೂರಬೇಕು; ಹೆಗಲ ಪಟ್ಟಿ ಕುತ್ತಿಗೆಗೆ ತಾಗದೆ ಎದೆಯ ಮಧ್ಯದಲ್ಲಿ ಹಾಯಬೇಕು. ಸೀರೆಯ ಸೆರಗು, ಶಾಲುಗಳು ಪಟ್ಟಿಯ ಕೆಳಗೆ ಮುದ್ದೆಯಾಗದಂತೆ ಸರಿಪಡಿಸಿಕೊಳ್ಳಬೇಕು. ಗರ್ಭಿಣಿಯರು ಬೆಲ್ಟ್ ಧರಿಸಬಾರದೆಂಬುದು ತಪ್ಪು ನಂಬಿಕೆ. ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ಇಳಿಸಿ ಧರಿಸಿದರೆ ತಾಯಿಗೂ ಮಗುವಿಗೂ ಅದು ರಕ್ಷೆಯೇ.

ಕೊಳ್ಳುವಾಗ ಗಮನಿಸಬೇಕಾದುದು ಇಷ್ಟು: ಹಿಂದಿನ ಆಸನದ ಮಧ್ಯದವರಿಗೂ ಹೆಗಲಿನಿಂದ ಇಳಿಯುವ ಪೂರ್ಣ ಬೆಲ್ಟ್ ಇದೆಯೇ, ಅಥವಾ ಸೊಂಟಕ್ಕೆ ಮಾತ್ರವೇ? ಡಿಕ್ಕಿಯಾದ ಕ್ಷಣವೇ ಪಟ್ಟಿಯನ್ನು ಬಿಗಿಯಾಗಿ ಎಳೆದುಕೊಳ್ಳುವ ‘ಪ್ರೀಟೆನ್ಷನರ್’ ಎಂಬ ಸಾಧನ ಯಾವ ಆಸನಗಳಿಗಿದೆ? ಆರು ಮಂದಿಯ ಕುಟುಂಬಕ್ಕೆ ಐದು ಬೆಲ್ಟಿನ ಕಾರು ಸಾಲದು ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ಏರ್‌ಬ್ಯಾಗ್ ಎಂಬ ಗಾಳಿಚೀಲ

ಡಿಕ್ಕಿಯ ಸೂಚನೆ ದೊರೆತೊಡನೆ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟರಲ್ಲಿ, ಕಣ್ಣು ಮಿಟುಕಿಸುವುದಕ್ಕೂ ಮೊದಲೇ, ಉಬ್ಬಿ ನಿಲ್ಲುವ ಚೀಲವೇ ಏರ್‌ಬ್ಯಾಗ್. ಅದು ಮೆತ್ತನೆಯ ದಿಂಬೆಂದು ಹಲವರ ಕಲ್ಪನೆ. ವಾಸ್ತವದಲ್ಲಿ ಅದು ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಚಿಮ್ಮುತ್ತದೆ. ಬೆಲ್ಟ್ ಧರಿಸದವರು ಅಷ್ಟರಲ್ಲಿ ಮುಂದಕ್ಕೆ ಬಾಗಿರುವುದರಿಂದ ಅದೇ ಚೀಲ ಮುಖಕ್ಕೆ, ಕುತ್ತಿಗೆಗೆ ಬಲವಾಗಿ ಬಡಿಯಬಹುದು. ಏರ್‌ಬ್ಯಾಗ್ ಬೆಲ್ಟಿಗೆ ನೆರವೇ ಹೊರತು ಬದಲಿಯಲ್ಲ. ಚಾಲಕರ ಎದೆಗೂ ಸ್ಟಿಯರಿಂಗಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಬೇಕು. ಎತ್ತರ ಕಡಿಮೆಯಿರುವವರು, ಅದರಲ್ಲಿಯೂ ಮಹಿಳೆಯರು, ಆಸನವನ್ನು ತೀರಾ ಮುಂದಕ್ಕೆ ಎಳೆದುಕೊಳ್ಳುವುದುಂಟು. ಅಂಥವರು ಆಸನ ಮತ್ತು ಸ್ಟಿಯರಿಂಗ್ ಎರಡನ್ನೂ ಎತ್ತರಿಸಿ ಇಳಿಸಬಲ್ಲ ಕಾರನ್ನೇ ಆರಿಸುವುದು ಲೇಸು.

ನಮ್ಮ ದೇಶದಲ್ಲಿ ಚಾಲಕರ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಪಕ್ಕದ ಪ್ರಯಾಣಿಕರ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದಲೂ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಆ ವರ್ಷದ ಕೊನೆಯಿಂದಲೂ ಕಡ್ಡಾಯವಾಯಿತು. ಆರು ಏರ್‌ಬ್ಯಾಗ್‌ಗಳನ್ನು ಕಡ್ಡಾಯಗೊಳಿಸುವ ಕರಡನ್ನು 2022ರ ಜನವರಿಯಲ್ಲಿ ಹೊರಡಿಸಲಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಸಚಿವ ನಿತಿನ್ ಗಡ್ಕರಿಯವರು ಕಡ್ಡಾಯ ಮಾಡುವುದಿಲ್ಲವೆಂದು ತಿಳಿಸಿದರು. ಆದರೂ ಹಲವು ತಯಾರಕರು ತಾವಾಗಿಯೇ ಆರನ್ನು ಅಳವಡಿಸುತ್ತಿದ್ದಾರೆ. ಇವುಗಳಲ್ಲಿ ಎರಡು ಮುಂದಿನವು, ಎರಡು ಆಸನದ ಪಕ್ಕದಿಂದ ಎದೆಯನ್ನು ಕಾಯುವವು, ಎರಡು ಕಿಟಕಿಯುದ್ದಕ್ಕೂ ಪರದೆಯಂತೆ ಇಳಿದು ಹಿಂದಿನವರ ತಲೆಯನ್ನೂ ಕಾಯುವವು. ಪಕ್ಕದಿಂದ ಬರುವ ಹೊಡೆತಕ್ಕೂ ನಮಗೂ ನಡುವೆ ಬಾಗಿಲಿನ ದಪ್ಪ ಬಿಟ್ಟರೆ ಬೇರೇನೂ ಇರುವುದಿಲ್ಲವಾದ್ದರಿಂದ ಈ ಪರದೆಯ ಬೆಲೆ ಬಹಳ ದೊಡ್ಡದು.

ಗಟ್ಟಿ ತಗಡು ಮಾತ್ರವೇ ಗಟ್ಟಿ ಕಾರಲ್ಲ

‘ಹಿಂದಿನ ಕಾಲದ ಕಾರುಗಳು ಕಬ್ಬಿಣದಂತಿದ್ದವು, ಈಗಿನವು ಮುಟ್ಟಿದರೆ ನುಗ್ಗಾಗುತ್ತವೆ’ ಎಂಬ ಮಾತನ್ನು ಹಿರಿಯರಿಂದ ಕೇಳುತ್ತಲೇ ಇರುತ್ತೇವೆ. ಇದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಕಾರಿನ ಮೂತಿ ಮತ್ತು ಹಿಂಭಾಗ ಮುದುಡಬೇಕು. ಜನ ಕುಳಿತ ನಡುಭಾಗ ಮುದುಡಬಾರದು. ಈ ತತ್ತ್ವವನ್ನು ಕಂಡುಕೊಂಡವರು ಜರ್ಮನಿಯ ಮರ್ಸಿಡಿಸ್ ಸಂಸ್ಥೆಯ ಬೇಲಾ ಬರೆನಿ. 1959ರ ಅವರ ಕಾರಿನಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂದಿತು. ಮುಂಭಾಗ ಮುದುಡುತ್ತ ಹೊಡೆತದ ಶಕ್ತಿಯನ್ನು ನುಂಗುತ್ತದೆ. ಒಳಗಿನವರಿಗೆ ಅಷ್ಟರಮಟ್ಟಿಗೆ ಪೆಟ್ಟು ತಗ್ಗುತ್ತದೆ. ಎಲ್ಲಿಯೂ ಮುದುಡದ ಕಾರಿನಲ್ಲಿ ಆ ಶಕ್ತಿಯೆಲ್ಲವೂ ಕುಳಿತವರ ದೇಹಕ್ಕೇ ಬರುತ್ತದೆ. ಆದುದರಿಂದ ಬಾಗಿಲನ್ನು ಧಡ್ ಎಂದು ಮುಚ್ಚಿ, ಬಾನೆಟ್ಟನ್ನು ಬೆರಳಿನಿಂದ ತಟ್ಟಿ ಕಾರಿನ ಗಟ್ಟಿತನವನ್ನು ಅಳೆಯಲಾಗದು.

ಅದನ್ನು ಅಳೆಯುವ ದಾರಿ ಡಿಕ್ಕಿಯ ಪರೀಕ್ಷೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ 2014ರಲ್ಲಿ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಸಾದಾ ಮಾದರಿಗಳನ್ನು ಪರೀಕ್ಷಿಸಿದಾಗ ಐದಕ್ಕೂ ದೊರೆತದ್ದು ಸೊನ್ನೆ ನಕ್ಷತ್ರ. ದೇಶವೇ ಬೆಚ್ಚಿದ ಆ ಫಲಿತಾಂಶದ ಬಳಿಕ ತಯಾರಕರು ಎಚ್ಚೆತ್ತರು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಆದ ‘ಭಾರತ್ ಎನ್‌ಕ್ಯಾಪ್’ ಜಾರಿಗೆ ಬಂದಿದೆ. ಇದರಲ್ಲಿ ಕಾರಿನ ಮುಂಭಾಗದ ಒಂದು ಪಾರ್ಶ್ವವನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಹೊಡೆಸಲಾಗುತ್ತದೆ. 50 ಕಿ.ಮೀ. ವೇಗದಲ್ಲಿ ಪಕ್ಕದ ಡಿಕ್ಕಿಯ ಪರೀಕ್ಷೆಯೂ, 29 ಕಿ.ಮೀ. ವೇಗದಲ್ಲಿ ಕಂಬಕ್ಕೆ ಪಕ್ಕದಿಂದ ಬಡಿಯುವ ಪರೀಕ್ಷೆಯೂ ಉಂಟು. ಒಳಗೆ ಮನುಷ್ಯರ ಬದಲು ಅಳತೆಯ ಯಂತ್ರಗಳನ್ನು ಹೊತ್ತ ಬೊಂಬೆಗಳಿರುತ್ತವೆ.

ನಕ್ಷತ್ರಗಳನ್ನು ಓದುವಾಗ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ದೊಡ್ಡವರ ರಕ್ಷಣೆಗೆ ಬೇರೆ, ಮಕ್ಕಳ ರಕ್ಷಣೆಗೆ ಬೇರೆ ಅಂಕಗಳಿವೆ, ಎರಡನ್ನೂ ಕೇಳಬೇಕು. ಎರಡನೆಯದು, ಪರೀಕ್ಷೆಗೆ ಒಳಪಟ್ಟದ್ದು ಯಾವ ವರ್ಷದ, ಯಾವ ಮಾದರಿ ಎಂಬುದನ್ನು ನೋಡಬೇಕು. ಮೂರನೆಯದು, ಈ ಪರೀಕ್ಷೆ ತಯಾರಕರ ಇಚ್ಛೆಗೆ ಬಿಟ್ಟದ್ದು. ನಕ್ಷತ್ರವೇ ಇಲ್ಲದ ಕಾರು ಕೆಟ್ಟದ್ದೆಂದಲ್ಲ, ಆದರೆ ಏಕೆ ಪರೀಕ್ಷಿಸಿಲ್ಲವೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಅಪಘಾತವನ್ನೇ ತಪ್ಪಿಸುವ ಸಾಧನಗಳು

ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಿದಾಗ ಹಳೆಯ ಕಾರುಗಳಲ್ಲಿ ಚಕ್ರಗಳು ಬಿಗಿದು ಕಾರು ಜಾರುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುತ್ತಿರಲಿಲ್ಲ. ಎ.ಬಿ.ಎಸ್. ಎಂಬ ಸಾಧನ ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ತಾನೇ ಹಿಡಿದು ಬಿಟ್ಟು ಚಕ್ರಗಳು ಬಿಗಿಯದಂತೆ ನೋಡಿಕೊಳ್ಳುತ್ತದೆ. 2019ರ ಏಪ್ರಿಲ್‌ನಿಂದ ಇದು ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯ. ಹಳೆಯ ಕಾರು ಓಡಿಸಿ ರೂಢಿಯಾದವರು ಬ್ರೇಕನ್ನು ಒತ್ತಿ ಒತ್ತಿ ಬಿಡುತ್ತಾರೆ, ಎ.ಬಿ.ಎಸ್. ಇದ್ದಾಗ ಹಾಗೆ ಮಾಡದೆ ಪೂರ್ತಿಯಾಗಿ ಒತ್ತಿಹಿಡಿದು ಅಡ್ಡಿಯನ್ನು ತಪ್ಪಿಸಿ ಸ್ಟಿಯರಿಂಗ್ ತಿರುಗಿಸಬೇಕು. ಆಗ ಪಾದದ ಕೆಳಗೆ ಬ್ರೇಕ್ ಗಡಗಡ ನಡುಗುತ್ತದೆ. ಅದು ಕೆಟ್ಟುದರ ಗುರುತಲ್ಲ, ಕೆಲಸ ಮಾಡುತ್ತಿರುವುದರ ಗುರುತು.

ಇದಕ್ಕೂ ಮುಂದಿನ ಹೆಜ್ಜೆ ಇ.ಎಸ್.ಸಿ., ಎಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ಚಾಲಕರು ತಿರುಗಿಸಿದ ದಿಕ್ಕಿಗೂ ಕಾರು ನಿಜವಾಗಿ ಸಾಗುತ್ತಿರುವ ದಿಕ್ಕಿಗೂ ವ್ಯತ್ಯಾಸ ಕಂಡೊಡನೆ ಇದು ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ಸರಿದಾರಿಗೆ ತರುತ್ತದೆ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು, ಕಾಡುಪ್ರಾಣಿ ಅಡ್ಡ ಬಂದಾಗ ಕಾರನ್ನು ಥಟ್ಟನೆ ಹೊರಳಿಸುವ ಪರೀಕ್ಷೆ ನಡೆಸಿದಾಗ ಮರ್ಸಿಡಿಸ್‌ನ ಹೊಸ ಸಣ್ಣ ಕಾರೊಂದು ಮಗುಚಿಬಿದ್ದಿತು. ಆ ಬಳಿಕ ಸಂಸ್ಥೆ ಆ ಮಾದರಿಯ ಎಲ್ಲ ಕಾರುಗಳಿಗೂ ಈ ಸಾಧನವನ್ನು ಅಳವಡಿಸಿತು. ನಮ್ಮಲ್ಲಿಯೂ ಎಮ್ಮೆ, ನಾಯಿಗಳು ಅಡ್ಡ ಬರುವುದು, ಕತ್ತಲೆಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾಗುವುದು, ಮಳೆಗಾಲದ ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಾರು ಜಾರುವುದು ಹೊಸತಲ್ಲ. ಕೆಲವು ಸಾವಿರ ರೂಪಾಯಿ ಹೆಚ್ಚು ತೆತ್ತಾದರೂ ಇ.ಎಸ್.ಸಿ. ಇರುವ ಮಾದರಿಯನ್ನೇ ಆರಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇತ್ತೀಚೆಗೆ ‘ಎಡಾಸ್’ ಎಂಬ ಹೆಸರು ಷೋರೂಮುಗಳಲ್ಲಿ ಬಹಳ ಕೇಳಿಬರುತ್ತಿದೆ. ಕ್ಯಾಮೆರಾ ಮತ್ತು ರಾಡಾರ್‌ಗಳ ನೆರವಿನಿಂದ ಮುಂದಿನ ವಾಹನವನ್ನು ಗುರುತಿಸಿ ಎಚ್ಚರಿಸುವುದು, ಚಾಲಕರು ಬ್ರೇಕ್ ಹಾಕದಿದ್ದರೆ ತಾನೇ ಹಾಕುವುದು, ರಸ್ತೆಯ ಬಿಳಿಗೆರೆ ದಾಟದಂತೆ ತಿಳಿಸುವುದು ಇದರ ಕೆಲಸ. ಹೆದ್ದಾರಿಯಲ್ಲಿ ಇದು ಉಪಯುಕ್ತವೇ. ಆದರೆ ಗೆರೆಯೇ ಇಲ್ಲದ ಹಳ್ಳಿಯ ರಸ್ತೆ, ದಟ್ಟ ಮಂಜು, ಜೋರು ಮಳೆಗಳಲ್ಲಿ ಇದರ ಕಣ್ಣು ಮಂಕಾಗುತ್ತದೆ. ಇದು ಸಹಾಯಕನೇ ಹೊರತು ಚಾಲಕನಲ್ಲ. ಇದಕ್ಕಾಗಿ ಲಕ್ಷ ರೂಪಾಯಿ ಕೊಡುವ ಮೊದಲು ಹಿಂದಿನ ಆಸನದ ಬೆಲ್ಟು, ಪರದೆಯ ಏರ್‌ಬ್ಯಾಗ್, ಇ.ಎಸ್.ಸಿ.ಗಳು ಇವೆಯೇ ಎಂದು ನೋಡುವುದು ವಿವೇಕ.

ಮಡಿಲು ಮಗುವಿಗೆ ರಕ್ಷೆಯಲ್ಲ

ತಾಯಿಯ ಮಡಿಲಿಗಿಂತ ಸುರಕ್ಷಿತ ತಾಣ ಮತ್ತೊಂದಿಲ್ಲವೆಂಬುದು ನಮ್ಮ ನಂಬಿಕೆ. ಮನೆಯಲ್ಲಿ ಅದು ಸತ್ಯ, ಓಡುವ ಕಾರಿನಲ್ಲಿ ಅಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಡಿಕ್ಕಿಯಾಗಿ ಅರ್ಧ ಮೀಟರ್ ಅಂತರದಲ್ಲಿ ನಿಂತರೆ 10 ಕಿಲೋ ತೂಕದ ಮಗು ಸುಮಾರು 200 ಕಿಲೋ ಭಾರದ ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ಯಾವ ತಾಯಿಯ ತೋಳಿಗೂ, ಎಷ್ಟೇ ಪ್ರೀತಿಯಿದ್ದರೂ, ಅದನ್ನು ಹಿಡಿದುಕೊಳ್ಳುವ ಶಕ್ತಿಯಿಲ್ಲ. ಮುಂದಿನ ಆಸನದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡರಂತೂ ಏರ್‌ಬ್ಯಾಗ್‌ನ ಪೂರ್ಣ ಹೊಡೆತ ಮಗುವಿಗೇ ಬೀಳುತ್ತದೆ.

ಕೂಸುಗಳಿಗೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿದ ಮಕ್ಕಳ ಆಸನ ಬೇಕು. ಕನಿಷ್ಠ ಹದಿನೈದು ತಿಂಗಳವರೆಗೆ, ಆಸನದ ಅಳತೆ ಒಪ್ಪಿದರೆ ಇನ್ನೂ ಹೆಚ್ಚು ಕಾಲ, ಹಾಗೆಯೇ ಕೂರಿಸುವುದು ಒಳಿತು. ಕೂಸಿನ ತಲೆ ಭಾರ, ಕುತ್ತಿಗೆ ಎಳೆಯದು. ಹಿಂದಕ್ಕೆ ಮುಖ ಮಾಡಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಇಂಥ ಆಸನವನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನ ಮೇಲೆ ಎಂದಿಗೂ ಇಡಬಾರದು. ಬೆಳೆದ ಮಕ್ಕಳಿಗೆ ಬೆಲ್ಟ್ ಸರಿಯಾಗಿ ಹೊಂದುವವರೆಗೆ ಎತ್ತರಿಸುವ ಬೂಸ್ಟರ್ ಆಸನ ಬೇಕು. ಕಾರಿನಲ್ಲಿ ‘ಐಸೊಫಿಕ್ಸ್’ ಎಂಬ ಕೊಂಡಿಗಳಿದ್ದರೆ ಈ ಆಸನಗಳನ್ನು ಭದ್ರವಾಗಿ ಸಿಕ್ಕಿಸಬಹುದು. ಕೊಳ್ಳುವಾಗ ಹಿಂದಿನ ಸೀಟಿನ ಸಂದಿಯಲ್ಲಿ ಕೈಯಾಡಿಸಿ ನೋಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೂ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿ, ತಪ್ಪಿದರೆ ಸಾವಿರ ರೂಪಾಯಿ ದಂಡವನ್ನು ವಿಧಿಸಿದೆ. ನಾಮಕರಣಕ್ಕೆ ಬೆಳ್ಳಿಯ ಬಟ್ಟಲು, ಲೋಟಗಳನ್ನು ಉಡುಗೊರೆ ಕೊಡುವ ಸೋದರಮಾವಂದಿರು ಒಂದು ಮಕ್ಕಳ ಆಸನವನ್ನು ಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಷೋರೂಮಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಒಂದೇ ಹೆಸರಿನ ಕಾರು ನಾಲ್ಕಾರು ದರ್ಜೆಗಳಲ್ಲಿ ಬರುತ್ತದೆ. ಜಾಹೀರಾತಿನಲ್ಲಿ ಕಾಣುವ ಸಾಧನಗಳು ಕೆಳದರ್ಜೆಯಲ್ಲಿ ಇರುತ್ತವೆಂಬ ಭರವಸೆಯಿಲ್ಲ. ಆದುದರಿಂದ ನಾವು ಕೊಳ್ಳುವ ದರ್ಜೆಯ ಹೆಸರನ್ನೇ ಹೇಳಿ ಇವನ್ನು ಕೇಳಬೇಕು:

1. ಏರ್‌ಬ್ಯಾಗ್‌ಗಳು ಎಷ್ಟು, ಎಲ್ಲೆಲ್ಲಿ?
2. ಇ.ಎಸ್.ಸಿ. ಇದೆಯೇ?
3. ಎಲ್ಲ ಆಸನಗಳಿಗೂ ಪೂರ್ಣ ಬೆಲ್ಟ್ ಹಾಗೂ ತಲೆಯೊರಗು ಇವೆಯೇ? ತಲೆಯೊರಗಿನ ಅಂಚು ತಲೆಯ ಎತ್ತರಕ್ಕೆ ಬರುತ್ತದೆಯೇ?
4. ಐಸೊಫಿಕ್ಸ್ ಕೊಂಡಿಗಳಿವೆಯೇ?
5. ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರಿಗೆ ಮತ್ತು ಮಕ್ಕಳಿಗೆ ದೊರೆತ ನಕ್ಷತ್ರಗಳೆಷ್ಟು?

ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಮುದ್ರಿತ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್‌ನ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರುತ್ತದೆಯೇ ಎಂದು ನೋಡಬೇಕು. ಹೊತ್ತದೆಯೇ ಇದ್ದರೆ ಅಥವಾ ಆರದೆಯೇ ಇದ್ದರೆ ಸಂಶಯಪಡಬೇಕು. ಹಿಂದೆ ಅಪಘಾತದಲ್ಲಿ ತೆರೆದುಕೊಂಡ ಚೀಲವನ್ನು ಮತ್ತೆ ಹಾಕಿಸದೆ ದೀಪವನ್ನಷ್ಟೇ ಕಿತ್ತಿರುವ ಸಾಧ್ಯತೆಯಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಟೈರು ಸವೆದಿದ್ದರೆ ಯಾವ ಬ್ರೇಕೂ ಕೈಹಿಡಿಯದು.

ಕೊಂಡು ತಂದ ಮೇಲೆ

ಹಣ ಕೊಟ್ಟು ತಂದ ರಕ್ಷಣೆಯನ್ನು ನಾವೇ ಕೈಯಾರೆ ಕೆಡಿಸುವುದುಂಟು. ಮುಂಭಾಗಕ್ಕೆ ಕಬ್ಬಿಣದ ಗಾರ್ಡ್ ಹಾಕಿಸಿದರೆ ಮುದುಡಬೇಕಾದ ಭಾಗ ಮುದುಡದು, ಏರ್‌ಬ್ಯಾಗ್‌ಗೆ ಸೂಚನೆಯೂ ಸರಿಯಾಗಿ ತಲುಪದು. 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸರ್ಕಾರ ಇವುಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ. ಪಕ್ಕದ ಏರ್‌ಬ್ಯಾಗ್ ಇರುವ ಆಸನಕ್ಕೆ ಬಿಗಿಯಾದ ಹೊದಿಕೆ ಹೊಲಿಸಿದರೆ ಚೀಲ ಹೊರಬರಲಾರದು. ಬೆಲ್ಟ್ ಧರಿಸದೆಯೇ ಎಚ್ಚರಿಕೆಯ ಶಬ್ದವನ್ನು ಅಡಗಿಸುವ ಕ್ಲಿಪ್ಪುಗಳ ಮಾರಾಟದ ವಿರುದ್ಧ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಐದು ಮಾರಾಟ ಸಂಸ್ಥೆಗಳಿಗೆ ಆದೇಶ ಹೊರಡಿಸಬೇಕಾಯಿತು. ಹತ್ತು ರೂಪಾಯಿಯ ಸೌಕರ್ಯಕ್ಕೆ ಪ್ರಾಣವನ್ನೇ ಒತ್ತೆಯಿಡುವ ಇಂಥ ಜಾಣತನ ನಮ್ಮ ಮನೆಗಳಿಗೆ ಬೇಡ.

ಇನ್ನೊಂದು ಮಾತನ್ನು ಭಕ್ತ ಬಂಧುಗಳಲ್ಲಿ ವಿಶೇಷವಾಗಿ ಅರಿಕೆ ಮಾಡಿಕೊಳ್ಳುತ್ತೇವೆ. ಕಾರಿನ ಮುಂದೆ ಗುರುಗಳ ಭಾವಚಿತ್ರವನ್ನೋ ಮೂರ್ತಿಯನ್ನೋ ಇಡುವುದು ಶ್ರದ್ಧೆಯ ವಿಷಯ. ಆದರೆ ಅದನ್ನು ಪ್ರಯಾಣಿಕರ ಏರ್‌ಬ್ಯಾಗ್‌ನ ಮುಚ್ಚಳದ ಮೇಲೆ ಅಂಟಿಸಿದರೆ ಚೀಲ ಚಿಮ್ಮುವಾಗ ಆ ಮೂರ್ತಿಯೇ ಎದುರಿಗಿದ್ದವರ ಮುಖಕ್ಕೆ ಗುಂಡಿನಂತೆ ಬಡಿಯುತ್ತದೆ. ಮುಚ್ಚಳದ ಜಾಗವನ್ನು ಬಿಟ್ಟು, ಹಗುರವಾದ ಚಿತ್ರವನ್ನು ಬೇರೆಡೆ ಇಡುವುದರಿಂದ ಭಕ್ತಿಗೆ ಕುಂದಿಲ್ಲ. ಪೂಜೆಯ ದಿನ ಮುಂಗಾಜಿನ ಮೇಲಿನ ಕ್ಯಾಮೆರಾಕ್ಕೆ ಗಂಧ, ಕುಂಕುಮ ತಾಗದಿರಲಿ. ಪೂಜೆಗೆ ತಂದ ತೆಂಗಿನಕಾಯಿ, ನಿಂಬೆಹಣ್ಣು, ನೀರಿನ ಬಾಟಲಿಗಳು ಬ್ರೇಕಿನ ಕೆಳಗೆ ಉರುಳದಂತೆ ಇರಲಿ.

ಯಾವ ಸಾಧನವೂ ಸರ್ವರಕ್ಷೆಯಲ್ಲ ಎಂಬುದನ್ನೂ ಅರಿತಿರಬೇಕು. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಭಾರೀ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ಅಸುನೀಗಿದರು. ಅದು ಸುರಕ್ಷತೆಗೆ ಜಗತ್ತಿನಲ್ಲಿಯೇ ಹೆಸರಾದ ಕಾರಾಗಿತ್ತು. ಅಂಥ ಭಾರದ ಕೆಳಗೆ ಯಾವ ಕಾರೂ ಉಳಿಯದು. ಇದರಿಂದ ‘ಎಲ್ಲವೂ ವಿಧಿ, ಬೆಲ್ಟೇಕೆ, ಏರ್‌ಬ್ಯಾಗೇಕೆ’ ಎಂಬ ತೀರ್ಮಾನಕ್ಕೆ ಬರುವುದು ಸಲ್ಲದು. ನಮ್ಮ ಕೈಮೀರಿದ್ದು ಕೆಲವು ಇರಬಹುದು. ಕೈಯಲ್ಲಿರುವುದು ಅದಕ್ಕಿಂತ ಬಹಳ ಹೆಚ್ಚು. ವೇಗ ನಮ್ಮ ಕೈಯಲ್ಲಿದೆ, ನಿದ್ದೆಗೆಟ್ಟು ಓಡಿಸದಿರುವುದು ನಮ್ಮ ಕೈಯಲ್ಲಿದೆ, ಬೆಲ್ಟ್ ನಮ್ಮ ಕೈಯಲ್ಲಿದೆ.

ಮುಂದಿನ ಹಬ್ಬಕ್ಕೆ ಕಾರು ಕೊಳ್ಳುವ ಯೋಚನೆಯಿರುವ ಕುಟುಂಬಗಳು ಮನೆಮಂದಿಯೆಲ್ಲ ಕುಳಿತು ಬಣ್ಣವನ್ನು ಆರಿಸುವ ಮೊದಲು ಈ ಪ್ರಶ್ನೆಗಳನ್ನು ಒಮ್ಮೆ ಓದಿಕೊಳ್ಳಲಿ. ಈಗಾಗಲೇ ಕಾರು ಇರುವವರು ಇಂದೇ ಹಿಂದಿನ ಸೀಟಿನ ಬೆಲ್ಟುಗಳನ್ನು ಆಸನದ ಸಂದಿಯಿಂದ ಹೊರತೆಗೆದು, ಧೂಳು ಒರೆಸಿ, ಅಜ್ಜ ಅಜ್ಜಿಯರಿಗೂ ಮಕ್ಕಳಿಗೂ ಧರಿಸುವುದನ್ನು ಕಲಿಸಲಿ. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.